ಸೊನ್ನೆಯನ್ನೂ ಬರೆದುಕೊಳ್ಳಿ: ಹಡಗಿನಿಂದ ಕಡಲಹಕ್ಕಿ, ತಿಮಿಂಗಿಲ ಎಣಿಸುವ ಕೆಲಸ

ಸಮುದ್ರದಿಂದ ವಾಪಸ್ ಬಂದವರನ್ನು ಜನ ಕೇಳುವ ಮೊದಲ ಪ್ರಶ್ನೆ ಒಂದೇ. 'ಏನೇನು ನೋಡಿದ್ರಿ?' ನಾನೂ ಖುಷಿಯಿಂದಲೇ ಉತ್ತರ ಕೊಡುತ್ತೇನೆ. ಆಲ್ಬಟ್ರಾಸ್ ನೋಡಿದೆ, ತಿಮಿಂಗಿಲ ನೋಡಿದೆ, ಹಡಗಿನ ಮೂತಿಯ ಅಲೆಯಲ್ಲಿ ಡಾಲ್ಫಿನ್ ಜಾರಾಡುವುದನ್ನು ನೋಡಿದೆ. ಆದರೆ ಇಷ್ಟು ವರ್ಷಗಳಲ್ಲಿ ಒಬ್ಬರೂ 'ಎಷ್ಟು ಹೊತ್ತು ನೋಡಿದ್ರಿ?' ಅಂತ ಕೇಳಿಲ್ಲ. 'ಏನೂ ಕಾಣದೆ ಎಷ್ಟು ಹೊತ್ತು ಕೂತಿದ್ರಿ?' ಅಂತಂತೂ ಕೇಳೇ ಇಲ್ಲ. ನಮ್ಮ ಕೆಲಸ ನಿಂತಿರುವುದೇ ಆ ಎರಡು ಪ್ರಶ್ನೆಗಳ ಮೇಲೆ. ಹಾಗಾಗಿ ಇವತ್ತು ಕಂಡದ್ದರ ಬಗ್ಗೆ ಸ್ವಲ್ಪ, ಕಾಣದ್ದರ ಬಗ್ಗೆ ಜಾಸ್ತಿ ಮಾತಾಡುತ್ತೇನೆ.

ಒಂದು ಸಣ್ಣ ಲೆಕ್ಕ ನೋಡಿ. ಸೋಮವಾರ ನಾನು 40 ಶಿಯರ್‌ವಾಟರ್ ಹಕ್ಕಿ ಎಣಿಸಿದೆ ಅಂತ ಇಟ್ಟುಕೊಳ್ಳಿ. ಮಂಗಳವಾರವೂ 40. ಎರಡೂ ದಿನ ಒಂದೇ ಥರ ಅನ್ನಿಸುತ್ತದೆ. ಆದರೆ ಸೋಮವಾರ ಹಡಗು ಬೇರೆ ಕೆಲಸಕ್ಕೆ ನಿಂತುಬಿಟ್ಟಿತ್ತು, ಓಡಿದ್ದು ಎರಡೇ ಗಂಟೆ. ಮಂಗಳವಾರ ಹತ್ತು ಗಂಟೆ ಓಡಿತು. ಅಂದರೆ ಸೋಮವಾರ ದಾಟಿದ ನೀರಿನಲ್ಲಿ ಹಕ್ಕಿ ಐದು ಪಟ್ಟು ದಟ್ಟವಾಗಿತ್ತು. ಆ ಎರಡು ಗಂಟೆ, ಹತ್ತು ಗಂಟೆ ಅನ್ನುವುದನ್ನು ಬರೆದಿಡದೆ ಹೋದರೆ 40 ಅನ್ನುವ ಅಂಕಿಯನ್ನು ಇಟ್ಟುಕೊಂಡು ಏನು ಮಾಡೋಣ?

ಅದಕ್ಕೇ ನಮ್ಮ ಪುಸ್ತಕದಲ್ಲಿ ಪ್ರಾಣಿಗಳ ಹೆಸರಿಗಿಂತ ಮೊದಲು ಬರುವ ಪುಟವೇ ಬೇರೆ. ಎಷ್ಟು ಗಂಟೆಗೆ ಶುರು, ಯಾವ ಅಕ್ಷಾಂಶ ರೇಖಾಂಶ, ಹಡಗಿನ ವೇಗ ಎಷ್ಟು, ಮೂತಿ ಯಾವ ಕಡೆ, ಗಾಳಿ ಎಷ್ಟು, ಅಲೆ ಹೇಗಿದೆ, ಬಿಸಿಲಿನ ಹೊಳಪು ಯಾವ ಬದಿಗೆ ಬೀಳುತ್ತಿದೆ, ನೋಡುತ್ತಿರುವವರು ಯಾರು. ಇದರಲ್ಲಿ ಯಾವುದು ಬದಲಾದರೂ ಹೊಸ ಸಾಲು. ವೀಕ್ಷಕ ಶೌಚಕ್ಕೆ ಎದ್ದುಹೋದರೆ ಅದೂ ಒಂದು ಸಾಲು. ನಮ್ಮ ಮಂದಿ ಇದನ್ನು 'ಎಫರ್ಟ್' ಅನ್ನುತ್ತಾರೆ. ನೋಡುತ್ತಿದ್ದರೆ ಆನ್ ಎಫರ್ಟ್, ಇಲ್ಲದಿದ್ದರೆ ಆಫ್ ಎಫರ್ಟ್. ಉಷ್ಣವಲಯದ ನಡುಸಮುದ್ರದಲ್ಲಿ ಗಂಟೆಗಟ್ಟಲೆ ಒಂದು ಹಕ್ಕಿಯೂ ಸಿಗದ ದಿನಗಳಿರುತ್ತವೆ. ಆಗಲೂ ಸಾಲು ಸಾಲು ಬರೆಯುತ್ತಲೇ ಇರಬೇಕು. ಹಕ್ಕಿ ಸೊನ್ನೆ, ತಿಮಿಂಗಿಲ ಸೊನ್ನೆ. 'ನೋಡಿದೆ, ಇರಲಿಲ್ಲ' ಅನ್ನುವುದಕ್ಕೂ 'ನೋಡಲೇ ಇಲ್ಲ' ಅನ್ನುವುದಕ್ಕೂ ನಕಾಶೆಯ ಮೇಲೆ ತುಂಬಾ ವ್ಯತ್ಯಾಸವಿದೆ.

ಈ ಬುದ್ಧಿ ಬರಲು ಬಹಳ ಕಾಲ ಹಿಡಿಯಿತು. ಹಡಗಿನವರು ಹಕ್ಕಿ ನೋಡಿದ್ದು ಇವತ್ತು ನಿನ್ನೆಯ ಕಥೆಯಲ್ಲ. ಕ್ಯಾಪ್ಟನ್ ಕುಕ್ ಜೊತೆ ಎಂಡೆವರ್ ಹಡಗಿನಲ್ಲಿ ಹೋದ ಜೋಸೆಫ್ ಬ್ಯಾಂಕ್ಸ್, ಗಾಳಿ ಬಿದ್ದ ದಿನ ಚಿಕ್ಕ ದೋಣಿ ಇಳಿಸಿ ಹಕ್ಕಿಗಳಿಗೆ ಗುಂಡು ಹೊಡೆದು ತರುತ್ತಿದ್ದ. ಅದರಿಂದ ಯಾವ ಹಕ್ಕಿ ಇದೆ ಅಂತ ಗೊತ್ತಾಯಿತು. ಎಷ್ಟಿವೆ ಅಂತ ಗೊತ್ತಾಗಲಿಲ್ಲ. 1920ರ ದಶಕದಲ್ಲಿ ಡೆನ್ಮಾರ್ಕಿನ ಡಾನಾ ಹಡಗಿನಲ್ಲಿ ಪೌಲ್ ಯೆಸ್ಪರ್ಸನ್ ದಿನಕ್ಕೆ ಎಷ್ಟು ಹಕ್ಕಿ ಕಂಡವು ಅಂತ ಬರೆದಿಟ್ಟುಕೊಂಡ. ಅದೇ ಹಡಗಿನ ಬಲೆಗೆ ಬಿದ್ದ ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳ ಜೊತೆ ಹೋಲಿಸಿದ. ಪ್ಲಾಂಕ್ಟನ್ ಹೆಚ್ಚಿದ್ದ ಕಡೆ ಹಕ್ಕಿಯೂ ಹೆಚ್ಚು. ಇವತ್ತು ನಮಗೆ ಇದು ಸಹಜ ಅನ್ನಿಸುತ್ತದೆ, ಅಲ್ವಾ? ಆಗ ಅದನ್ನು ಅಂಕಿ ಇಟ್ಟು ತೋರಿಸಿದ್ದು ದೊಡ್ಡ ವಿಷಯ. 1933ರಲ್ಲಿ ವಿನ್-ಎಡ್ವರ್ಡ್ಸ್ ಅನ್ನುವವರು ಪ್ರಯಾಣಿಕರ ಹಡಗಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ಮತ್ತೆ ಮತ್ತೆ ದಾಟಿದರು. ದಡದ ಹತ್ತಿರದ ಹಕ್ಕಿ, ಸ್ವಲ್ಪ ಆಚೆಯ ಹಕ್ಕಿ, ನಡುಸಾಗರದ ಹಕ್ಕಿ ಅಂತ ಮೂರು ಗುಂಪು ಮಾಡಿ ತೋರಿಸಿದರು.

ತೊಂದರೆ ಏನಾಗಿತ್ತು ಅಂದರೆ, ಪ್ರತಿಯೊಬ್ಬರದೂ ಒಂದೊಂದು ಪದ್ಧತಿ. ಒಬ್ಬರು ಹಡಗಿನ ಸುತ್ತ ಕಂಡದ್ದೆಲ್ಲ ಎಣಿಸುತ್ತಿದ್ದರು. ಇನ್ನೊಬ್ಬರು ಒಂದೇ ಬದಿ. ಮತ್ತೊಬ್ಬರು ಹತ್ತು ನಿಮಿಷಕ್ಕೊಂದು ಚೀಟಿ. ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಲೆಕ್ಕದ ಪಕ್ಕ ಇಡುವ ಹಾಗೇ ಇರಲಿಲ್ಲ. 1984ರಲ್ಲಿ ಮಾರ್ಕ್ ಟಾಸ್ಕರ್ ಮತ್ತು ಮೂವರು ಸಂಗಡಿಗರು ಇದ್ದ ಪದ್ಧತಿಗಳನ್ನೆಲ್ಲ ಜಾಲಾಡಿ, ಎಲ್ಲರೂ ಬಳಸಬಹುದಾದ ಒಂದು ಕ್ರಮ ಮುಂದಿಟ್ಟರು. ಸಣ್ಣಪುಟ್ಟ ಬದಲಾವಣೆ ಬಿಟ್ಟರೆ ಹಡಗಿನಿಂದ ಹಕ್ಕಿ ಎಣಿಸುವವರು ಇವತ್ತಿಗೂ ಅದನ್ನೇ ಹಿಡಿದಿದ್ದಾರೆ.

ಕ್ರಮ ಹೀಗಿದೆ. ಹಡಗಿನ ಒಂದು ಬದಿ ಆರಿಸಿಕೊಳ್ಳಿ. ಹೊಳಪು ಕಡಿಮೆ ಇರುವ ಬದಿ. ಆ ಬದಿಯಲ್ಲಿ 300 ಮೀಟರ್ ಅಗಲದ ಒಂದು ಪಟ್ಟಿ ನೀರಿನ ಮೇಲೆ ಹಾಸಿದೆ ಅಂದುಕೊಳ್ಳಿ. ಹಡಗು ಮುಂದೆ ಹೋದಂತೆ ಪಟ್ಟಿಯೂ ಬಿಚ್ಚಿಕೊಳ್ಳುತ್ತದೆ. 10 ನಾಟ್ ವೇಗದಲ್ಲಿ ಗಂಟೆಗೆ 18.5 ಕಿಲೋಮೀಟರ್. 300 ಮೀಟರ್ ಅಗಲ ಅಂದರೆ ಗಂಟೆಗೆ ಸುಮಾರು 5.5 ಚದರ ಕಿಲೋಮೀಟರ್ ನೀರು ನೋಡಿದ ಹಾಗಾಯಿತು. ಪಟ್ಟಿಯೊಳಗಿನ ಹಕ್ಕಿ ಲೆಕ್ಕಕ್ಕೆ. ಹೊರಗಿನದನ್ನು ಬೇಕಾದರೆ ಪಕ್ಕಕ್ಕೆ ಬರೆದುಕೊಳ್ಳಿ, ಲೆಕ್ಕಕ್ಕಿಲ್ಲ.

ಸರಿ, 300 ಮೀಟರ್ ಅಂತ ಗೊತ್ತಾಗುವುದು ಹೇಗೆ? ನೀರಿನ ಮೇಲೆ ಮರ ಇಲ್ಲ, ಕಂಬ ಇಲ್ಲ. ಕಣ್ಣಂದಾಜಿಗೆ ಬಿಟ್ಟರೆ ಒಬ್ಬನ 300 ಇನ್ನೊಬ್ಬನ 500. ಇದಕ್ಕೆ ಡೆನ್ನಿಸ್ ಹೈನ್‌ಮನ್ 1981ರಲ್ಲಿ ಒಂದು ಸುಲಭದ ಉಪಾಯ ಕೊಟ್ಟರು. ಎಷ್ಟು ಸುಲಭ ಅಂದರೆ, ಮೊದಲ ಸಲ ಕೇಳಿದಾಗ ನನಗೆ ನಂಬಿಕೆಯೇ ಬಂದಿರಲಿಲ್ಲ. ಬೇಕಾಗುವುದು ಒಂದು ಕೋಲು, ಒಂದು ಪೆನ್ನು. ಈಗ ನಾನು ಕೈಯಲ್ಲಿ ಹಿಡಿದಿರುವುದು ಅದೇ.

ನೀವು ಎತ್ತರದಲ್ಲಿ ನಿಂತಿದ್ದೀರಿ. ದಿಗಂತದ ಗೆರೆ ಕಾಣುತ್ತಿದೆ. ಹತ್ತಿರದ ನೀರು ಆ ಗೆರೆಗಿಂತ ಬಹಳ ಕೆಳಗೆ ಕಾಣುತ್ತದೆ, ದೂರದ ನೀರು ಗೆರೆಗೆ ಅಂಟಿಕೊಂಡ ಹಾಗೆ ಕಾಣುತ್ತದೆ. ಎಷ್ಟು ಕೆಳಗೆ ಅನ್ನುವುದನ್ನು ಅಳೆದರೆ ದೂರ ಸಿಕ್ಕಿತು. ಕೋಲನ್ನು ತೋಳು ಚಾಚಿ ನೆಟ್ಟಗೆ ಹಿಡಿಯಿರಿ. ಮೇಲಿನ ತುದಿಯನ್ನು ದಿಗಂತಕ್ಕೆ ಕೂಡಿಸಿ. ನಿಮ್ಮ ಕಣ್ಣು ನೀರಿನಿಂದ 12 ಮೀಟರ್ ಎತ್ತರದಲ್ಲಿದೆ, ಕಣ್ಣಿನಿಂದ ಕೋಲಿಗೆ 60 ಸೆಂಟಿಮೀಟರ್ ಅಂತ ಹಿಡಿದರೆ, ತುದಿಯಿಂದ 23.5 ಮಿಲಿಮೀಟರ್ ಕೆಳಗೆ ಹಾಕಿದ ಗೀಟು ಮುಟ್ಟುವ ನೀರು 300 ಮೀಟರ್ ದೂರದ್ದು. 200 ಮೀಟರಿಗೆ 35 ಮಿಲಿಮೀಟರ್. 100 ಮೀಟರಿಗೆ 71. 50 ಮೀಟರಿಗೆ 143. ನಾಲ್ಕೇ ಗೀಟು. ಹಕ್ಕಿ ಯಾವ ಎರಡು ಗೀಟುಗಳ ನಡುವೆ ಇದೆ ನೋಡಿ, ಬರೆದುಕೊಳ್ಳಿ.

ಒಂದು ವಿಷಯ ಗಮನಿಸಿದಿರಾ? 300 ಮೀಟರಿನ ಗೀಟಿಗೂ 200ರ ಗೀಟಿಗೂ ನಡುವೆ ಇರುವುದು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದೇ 50ಕ್ಕೂ 100ಕ್ಕೂ ನಡುವೆ ಏಳು ಸೆಂಟಿಮೀಟರ್. ದೂರ ಹೋದಂತೆ ತಪ್ಪುವ ಸಂಭವ ಹೆಚ್ಚು. ಹಡಗು ಉರುಳಾಡುವಾಗ ಕೈ ಒಂದು ಚೂರು ಅಲುಗಾಡಿದರೂ ಹಕ್ಕಿ ಪಟ್ಟಿಯೊಳಗೋ ಹೊರಗೋ ಆಗಿಬಿಡುತ್ತದೆ. ಎತ್ತರದ ಡೆಕ್ ಸಿಕ್ಕರೆ ಗೀಟುಗಳು ದೂರ ದೂರ ಆಗುತ್ತವೆ, ಕೆಲಸ ಹಗುರ. ಆದರೆ ತೀರಾ ಮೇಲೆ ಹೋದರೆ ನೀರಿಗೆ ಅಂಟಿ ಹಾರುವ ಸಣ್ಣ ಹಕ್ಕಿ ಕಣ್ಣಿಗೆ ಬೀಳುವುದಿಲ್ಲ. ಹಡಗು ಹತ್ತಿದ ಕೂಡಲೇ ನಾನು ಮಾಡುವ ಮೊದಲ ಕೆಲಸ, ತೂಕ ಕಟ್ಟಿದ ದಾರ ಇಳಿಬಿಟ್ಟು ನನ್ನ ಕಣ್ಣಿನ ಎತ್ತರ ಅಳೆಯುವುದು. ಸಿಬ್ಬಂದಿ ಮೊದಲ ದಿನ ನಗುತ್ತಾರೆ. ನಗಲಿ.

ಈ ನಾಲ್ಕು ಗೀಟುಗಳಿಂದ ಇನ್ನೊಂದು ಲಾಭ ಇದೆ. ನೀರಿನ ಮೇಲೆ ಕೂತ ಹಕ್ಕಿಗಳು ಪಟ್ಟಿಯ ಉದ್ದಗಲಕ್ಕೂ ಸಮವಾಗಿ ಹರಡಿವೆ ಅಂದುಕೊಳ್ಳೋಣ. ಮೊದಲ 50 ಮೀಟರಿನಲ್ಲಿ 20 ಕಂಡರೆ, ಮುಂದಿನ 50ರಲ್ಲೂ 20 ಕಾಣಬೇಕು. ಅದರ ಮುಂದಿನ ನೂರರಲ್ಲಿ 40, ಕೊನೆಯ ನೂರರಲ್ಲಿ 40. ಒಟ್ಟು 120. ಆದರೆ ನಿಜವಾಗಿ ಕಂಡದ್ದು 20, 18, 22, 8 ಅಂತ ಇಟ್ಟುಕೊಳ್ಳಿ. ಒಟ್ಟು 68. ಅಂದರೆ ಅರ್ಧದ ಹತ್ತಿರ ಹತ್ತಿರ ನಮ್ಮ ಕಣ್ಣು ತಪ್ಪಿಸಿಕೊಂಡಿವೆ. ದೂರಕ್ಕೆ ಹೋದಂತೆ ಅಂಕಿ ಹೇಗೆ ಇಳಿಯಿತು ಅನ್ನುವುದರಿಂದಲೇ ತಪ್ಪಿಸಿಕೊಂಡದ್ದು ಎಷ್ಟು ಅಂತ ಅಂದಾಜು ಮಾಡಬಹುದು. ಕಾಣದ್ದನ್ನು ಎಣಿಸುವುದು ಅಂದೆನಲ್ಲ, ಇದು ಅದರ ಮೊದಲ ಪಾಠ. ಬಿಳಿ ಗ್ಯಾನೆಟ್ ಹಕ್ಕಿಯಾದರೆ ಈ ಸಮಸ್ಯೆ ಇಲ್ಲ, 300 ಮೀಟರ್ ಆಚೆಯೂ ಹೊಳೆಯುತ್ತದೆ. ಕಪ್ಪನೆಯ, ಅಂಗೈಯಗಲದ ಸ್ಟಾರ್ಮ್ ಪೆಟ್ರೆಲ್ ಅಲೆಯ ತಗ್ಗಿನಲ್ಲಿ ಇಳಿದರೆ ಮುಗಿಯಿತು.

ಹಾರುವ ಹಕ್ಕಿಯ ಕಥೆ ಬೇರೆ. ರಸ್ತೆ ಪಕ್ಕ ಒಂದು ಗಂಟೆ ನಿಂತು ಹಾದುಹೋದ ಗಾಡಿಗಳನ್ನೆಲ್ಲ ಎಣಿಸಿದರೆ ದೊಡ್ಡ ಅಂಕಿ ಬರುತ್ತದೆ. ಆದರೆ ಯಾವುದೇ ಒಂದು ಕ್ಷಣದಲ್ಲಿ ನಿಮ್ಮ ಕಣ್ಣೆದುರಿನ ರಸ್ತೆಯ ಮೇಲೆ ಇರುವ ಗಾಡಿ ನಾಲ್ಕೋ ಐದೋ. ನಾವು ಹಕ್ಕಿಯ ಸಾಂದ್ರತೆ ಹೇಳಬೇಕು, ಅಂದರೆ ಒಂದು ಕ್ಷಣದಲ್ಲಿ ಒಂದು ಚದರ ಕಿಲೋಮೀಟರಿನಲ್ಲಿ ಎಷ್ಟು. ಹಡಗಿಗಿಂತ ಎರಡು ಪಟ್ಟು ವೇಗದಲ್ಲಿ ಹಾರುವ ಹಕ್ಕಿಗಳು ಪಟ್ಟಿಯೊಳಗೆ ಬಂದು ಹೋಗುತ್ತಲೇ ಇರುತ್ತವೆ. ಬಂದದ್ದನ್ನೆಲ್ಲ ಕೂಡಿಸಿದರೆ ಇರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಆಗಿಬಿಡುತ್ತದೆ.

ಅದಕ್ಕೆ ಟಾಸ್ಕರ್ ಮತ್ತವರ ಸಂಗಡಿಗರು ಹೇಳಿದ ಉಪಾಯ, ಕ್ಯಾಮೆರಾ ಕ್ಲಿಕ್ ಮಾಡಿದ ಹಾಗೆ ಎಣಿಸುವುದು. 10 ನಾಟ್ ವೇಗದಲ್ಲಿ ಹಡಗು ನಿಮಿಷಕ್ಕೆ ಹತ್ತಿರ ಹತ್ತಿರ 309 ಮೀಟರ್ ಹೋಗುತ್ತದೆ. ಹಾಗಾಗಿ ನಿಮಿಷಕ್ಕೊಮ್ಮೆ, ಗಡಿಯಾರದ ಮುಳ್ಳು ಮೇಲೆ ಬಂದ ಕೂಡಲೇ, ಮುಂದಿನ 300 ಮೀಟರ್ ಚೌಕದೊಳಗೆ ಆ ಕ್ಷಣ ಹಾರುತ್ತಿರುವ ಹಕ್ಕಿಗಳನ್ನು ಮಾತ್ರ ಎಣಿಸಿ. ಮುಂದಿನ ನಿಮಿಷಕ್ಕೆ ಹಡಗು ಸರಿಯಾಗಿ ಮುಂದಿನ ಚೌಕಕ್ಕೆ ಬಂದಿರುತ್ತದೆ. ನಡುವಿನ ಐವತ್ತೊಂಬತ್ತು ಸೆಕೆಂಡಿನಲ್ಲಿ ಎಂಥಾ ಅಪರೂಪದ ಹಕ್ಕಿ ಮೂಗಿನ ಮುಂದೆ ಹಾರಿಹೋದರೂ ಸಾಂದ್ರತೆಯ ಲೆಕ್ಕಕ್ಕೆ ಬರುವುದಿಲ್ಲ. ಹೊಸಬರಿಗೆ ಇದನ್ನು ಒಪ್ಪಿಸುವುದೇ ಕಷ್ಟ. 'ಕಣ್ಣಾರೆ ಕಂಡಿದ್ದೇನಲ್ಲ!' ಅಂತಾರೆ. ಕಂಡಿದ್ದೀರಿ, ಟಿಪ್ಪಣಿಯಲ್ಲಿ ಬರೆಯಿರಿ, ಆ ಕಾಲಂನಲ್ಲಿ ಮಾತ್ರ ಬೇಡ.

ಇನ್ನು ಹಡಗಿನ ಬೆನ್ನು ಹತ್ತುವ ಹಕ್ಕಿಗಳು. ಫುಲ್ಮಾರ್, ಗಲ್, ಆಲ್ಬಟ್ರಾಸ್, ದಕ್ಷಿಣ ಸಾಗರದ ಕೇಪ್ ಪೆಟ್ರೆಲ್. ಮೀನು ಹಡಗುಗಳ ಹಿಂದೆ ಹೋದರೆ ತಿನ್ನಲು ಸಿಗುತ್ತದೆ ಅಂತ ಇವಕ್ಕೆ ಗೊತ್ತು. ನಮ್ಮದು ಮೀನು ಹಡಗಲ್ಲ ಅಂತ ಅವಕ್ಕೆ ಯಾರು ಹೇಳಬೇಕು? ಬೆಳಿಗ್ಗೆ ಬಂದ ಹಕ್ಕಿ ಸಂಜೆವರೆಗೂ ಸುತ್ತುತ್ತಿರುತ್ತದೆ. ಪ್ರತಿ ಸುತ್ತಿಗೂ ಎಣಿಸಿದರೆ ಒಂದು ಹಕ್ಕಿ ಐವತ್ತಾಗುತ್ತದೆ. ಅದಕ್ಕೇ ಆಗಾಗ ಹಡಗಿನ ಹಿಂಬದಿಗೆ ಹೋಗಿ ಯಾರ್ಯಾರು ಬೆನ್ನು ಹತ್ತಿದ್ದಾರೆ ಅಂತ ನೋಡಿ ಬರಬೇಕು. ಒಮ್ಮೆ ಒಂದು ಎಳೆಯ ಆಲ್ಬಟ್ರಾಸ್ ನಮ್ಮ ಜೊತೆ ಮೂರು ದಿನ ಬಂದಿತ್ತು. ಎಡ ರೆಕ್ಕೆಯಲ್ಲಿ ಒಂದು ಗರಿ ಇರಲಿಲ್ಲ, ಆ ಕಿಂಡಿಯಿಂದ ಅದನ್ನು ಗುರುತು ಹಿಡಿಯುತ್ತಿದ್ದೆವು. ಮೂರು ದಿನವೂ ಲೆಕ್ಕದಲ್ಲಿ ಅದು ಒಂದೇ.

ಇನ್ನು ತಿಮಿಂಗಿಲ, ಡಾಲ್ಫಿನ್. ಇಲ್ಲಿ ಪಟ್ಟಿ ಸಾಲದು. ಇವು ಅಷ್ಟು ವಿರಳ, 300 ಮೀಟರಿನೊಳಗೆ ಬರಲಿ ಅಂತ ಕಾಯುತ್ತಾ ಕೂತರೆ ಸಮೀಕ್ಷೆ ಮುಗಿಯುವಷ್ಟರಲ್ಲಿ ನಾಲ್ಕು ಸಿಕ್ಕರೆ ಹೆಚ್ಚು. ಹಾಗಾಗಿ ದಿಗಂತದವರೆಗೂ ನೋಡುತ್ತೇವೆ. 12 ಮೀಟರ್ ಎತ್ತರದಿಂದ ದಿಗಂತ ಸುಮಾರು 13 ಕಿಲೋಮೀಟರ್ ದೂರ. ಹಡಗು ಮೊದಲೇ ಗೊತ್ತು ಮಾಡಿದ ಗೆರೆಯ ಮೇಲೆ ಹೋಗುತ್ತದೆ. ಗೆರೆ ಸಾಮಾನ್ಯವಾಗಿ ಅಂಕುಡೊಂಕು ಇರುತ್ತದೆ. ದಡಕ್ಕೆ ಸಮವಾಗಿ ಹೋದರೆ ಒಂದೇ ಆಳದ ನೀರಿನಲ್ಲಿ ಸುತ್ತಿದ ಹಾಗಾಗುತ್ತದೆ, ಅದಕ್ಕೆ. ಏನಾದರೂ ಕಂಡ ಕೂಡಲೇ ಎರಡು ಅಳತೆ. ಹಡಗಿನ ಮೂತಿಯಿಂದ ಎಷ್ಟು ಡಿಗ್ರಿ ಪಕ್ಕಕ್ಕೆ, ನಮ್ಮಿಂದ ಎಷ್ಟು ದೂರ. ದೂರ ತಿಳಿಯಲು ಬೈನಾಕ್ಯುಲರ್ ಒಳಗೇ ಸಣ್ಣ ಗೀಟುಗಳಿರುತ್ತವೆ, ನಮ್ಮ ಕೋಲಿನದೇ ತತ್ವ. 2 ಕಿಲೋಮೀಟರ್ ದೂರ, 30 ಡಿಗ್ರಿ ಅಂದರೆ, ಹಡಗಿನ ಗೆರೆಯಿಂದ ನೇರ ಅಡ್ಡಕ್ಕೆ 1 ಕಿಲೋಮೀಟರ್. ಇಂಥ ಅಡ್ಡ ದೂರಗಳನ್ನೆಲ್ಲ ಸೇರಿಸಿದರೆ, ಗೆರೆಯಿಂದ ದೂರ ಹೋದಂತೆ ಕಾಣುವ ಸಂಭವ ಹೇಗೆ ಇಳಿಯುತ್ತದೆ ಅಂತ ತಿಳಿಯುತ್ತದೆ.

ಇಲ್ಲಿ ಮನುಷ್ಯನ ಒಂದು ಚಟ ಅಡ್ಡ ಬರುತ್ತದೆ. ನಮಗೆ ದುಂಡು ಅಂಕಿ ಇಷ್ಟ. 3 ಡಿಗ್ರಿ ಕಂಡರೆ ಸುಮ್ನೆ 'ನೇರ ಮುಂದೆ' ಅಂದುಬಿಡುತ್ತೇವೆ. 3 ಡಿಗ್ರಿ ತಾನೇ, ಏನಾಯಿತು? ಗೆರೆಯ ಮೇಲೆ ಎಷ್ಟು ಕಂಡವು ಅನ್ನುವುದರ ಮೇಲೇ ಇಡೀ ಲೆಕ್ಕ ನಿಂತಿದೆ. ಅಕ್ಕಪಕ್ಕದವನ್ನೆಲ್ಲ ಸೊನ್ನೆ ಡಿಗ್ರಿಗೆ ಗುಡ್ಡೆ ಹಾಕಿದರೆ ಇಲ್ಲದ ತಿಮಿಂಗಿಲಗಳು ಕಾಗದದ ಮೇಲೆ ಹುಟ್ಟುತ್ತವೆ. ಅದಕ್ಕೇ ಕೋನದ ಹಲಗೆ ಇಲ್ಲದೆ ಬಾಯಿಮಾತಿಗೆ ಡಿಗ್ರಿ ಹೇಳುವವರನ್ನು ನಾನು ಅಲ್ಲೇ ತಡೆಯುತ್ತೇನೆ. ಈ ವಿಷಯದಲ್ಲಿ ನಾನು ಸ್ವಲ್ಪ ಜಗಳಗಂಟ ಅಂತ ಹೆಸರು.

ಗೆರೆಯ ಮೇಲೇ ಇರುವ ಪ್ರಾಣಿ ಖಂಡಿತ ಕಾಣುತ್ತದೆ ಅನ್ನುವುದು ಈ ಲೆಕ್ಕದ ಬುನಾದಿ. ಬುನಾದಿಯೇ ಸಡಿಲ. ಸ್ಪರ್ಮ್ ತಿಮಿಂಗಿಲ ಒಮ್ಮೆ ಮುಳುಗಿದರೆ ಮುಕ್ಕಾಲು ಗಂಟೆ ಮೇಲೆ ಬರದೇ ಇರಬಹುದು. ಅಷ್ಟರಲ್ಲಿ ನಮ್ಮ ಹಡಗು 14 ಕಿಲೋಮೀಟರ್ ದಾಟಿರುತ್ತದೆ. ಕುವಿಯರ್ ಕೊಕ್ಕಿನ ತಿಮಿಂಗಿಲವಂತೂ ಒಮ್ಮೆ 3 ಗಂಟೆ 42 ನಿಮಿಷ ಮುಳುಗಿದ್ದು ದಾಖಲಾಗಿದೆ. ಹಡಗಿನ ಅಡಿಯಲ್ಲೇ ಇದ್ದರೂ ನಮಗೆ ಗೊತ್ತಾಗದು. ಸ್ಪರ್ಮ್ ತಿಮಿಂಗಿಲಕ್ಕೆ ಒಂದು ದಾರಿ ಇದೆ. ಹಡಗಿನ ಹಿಂದೆ ಕೆಲವು ನೂರು ಮೀಟರ್ ಉದ್ದದ ಕೇಬಲ್ಲಿನಲ್ಲಿ ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕು, ಎಳೆದುಕೊಂಡು ಹೋದರೆ, ಆಳದಲ್ಲಿ ಬೇಟೆಯಾಡುವಾಗ ಅದು ಮಾಡುವ ಟಿಕ್ ಟಿಕ್ ಸದ್ದು ಕಿಲೋಮೀಟರುಗಟ್ಟಲೆ ದೂರದಿಂದ ಕೇಳುತ್ತದೆ. ರಾತ್ರಿಯೂ ಕೇಳಬಹುದು. ಸದ್ದು ಮಾಡದೆ ಸುಮ್ಮನಿರುವ ಪ್ರಾಣಿಗೆ ಇದೂ ಉಪಯೋಗವಿಲ್ಲ.

ಹಾರ್ಬರ್ ಪಾರ್ಪಾಯಿಸ್ ಅಂತ ಒಂದಿದೆ. ಡಾಲ್ಫಿನ್ನಿನ ದೂರದ ನೆಂಟ, ಒಂದೂವರೆ ಮೀಟರ್ ಉದ್ದ. ಎರಡು ಸೆಕೆಂಡ್ ಸಣ್ಣ ಬೆನ್ನುರೆಕ್ಕೆ ತೋರಿಸಿ ಮಾಯ. ಹಡಗು ಕಂಡರೆ ಪಕ್ಕಕ್ಕೆ ಸರಿಯುತ್ತದೆ ಬೇರೆ. ಅದರ ಇನ್ನೊಬ್ಬ ನೆಂಟ ಡಾಲ್ಸ್ ಪಾರ್ಪಾಯಿಸ್ ಉಲ್ಟಾ, ಹಡಗು ಕಂಡರೆ ಆಡಲು ಓಡಿಬರುತ್ತದೆ. ಮೊದಲನೆಯದು ಇರುವುದಕ್ಕಿಂತ ಕಡಿಮೆ ಸಿಗುತ್ತದೆ, ಎರಡನೆಯದು ಜಾಸ್ತಿ. 1994ರ ಬೇಸಿಗೆಯಲ್ಲಿ ಯುರೋಪಿನ ಉತ್ತರ ಸಮುದ್ರ ಮತ್ತು ಅಕ್ಕಪಕ್ಕದ ನೀರಿನಲ್ಲಿ ಸ್ಕ್ಯಾನ್ಸ್ ಅನ್ನುವ ದೊಡ್ಡ ಸಮೀಕ್ಷೆ ನಡೆಯಿತು. ಅಲ್ಲಿ ಒಂದೇ ಹಡಗಿನಲ್ಲಿ ಎರಡು ತಂಡ ಕೂರಿಸಿದರು. ಒಂದು ತಂಡ ಬೈನಾಕ್ಯುಲರ್ ಹಿಡಿದು ಬಹಳ ಮುಂದೆ ಹುಡುಕುತ್ತದೆ, ಪ್ರಾಣಿಗೆ ಹಡಗಿನ ಸುಳಿವು ಸಿಗುವ ಮೊದಲೇ. ಇನ್ನೊಂದು ತಂಡ ಬರಿಗಣ್ಣಲ್ಲಿ ಹತ್ತಿರ ನೋಡುತ್ತದೆ. ಒಬ್ಬರು ಕಂಡದ್ದು ಇನ್ನೊಬ್ಬರಿಗೆ ಹೇಳುವಂತಿಲ್ಲ. ಆಮೇಲೆ ತಾಳೆ ನೋಡುತ್ತಾರೆ. ಮುಂದಿನವರು ಕಂಡ ಹತ್ತರಲ್ಲಿ ಹತ್ತಿರದವರಿಗೆ ಮೂರೇ ಸಿಕ್ಕಿದ್ದರೆ, ಅವರ ಕಣ್ಣಿಗೆ ಹತ್ತಕ್ಕೆ ಏಳು ತಪ್ಪುತ್ತವೆ ಅಂತಾಯಿತು. ಹೀಗೆ ಸರಿಪಡಿಸಿದ ಮೇಲೆ ಬಂದ ಅಂದಾಜು ಸುಮಾರು 3 ಲಕ್ಷ 40 ಸಾವಿರ ಪಾರ್ಪಾಯಿಸ್‌ಗಳು. 2005ರಲ್ಲಿ ಮತ್ತೆ ಎಣಿಸಿದರು. ಒಟ್ಟು ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಉತ್ತರ ಭಾಗದಲ್ಲಿ ದಟ್ಟವಾಗಿದ್ದ ಪ್ರಾಣಿಗಳು ದಕ್ಷಿಣ ಭಾಗಕ್ಕೆ ಸರಿದಿದ್ದವು. ಯಾರಾದರೂ ಉತ್ತರದಲ್ಲಿ ಮಾತ್ರ ಎಣಿಸಿದ್ದರೆ 'ಅಯ್ಯೋ, ನಾಶವಾಗಿ ಹೋದವು' ಅನ್ನುತ್ತಿದ್ದರು. ದಕ್ಷಿಣದವರು ಹಬ್ಬ ಮಾಡುತ್ತಿದ್ದರು.

ಡಾಲ್ಫಿನ್ ಹಿಂಡು ಎಷ್ಟು ದೊಡ್ಡದು ಅನ್ನುವುದು ಇನ್ನೊಂದು ತಲೆನೋವು. ಪ್ರತಿಯೊಬ್ಬ ವೀಕ್ಷಕ ತನ್ನ ಪುಸ್ತಕದಲ್ಲಿ ಗುಟ್ಟಾಗಿ ಮೂರು ಅಂಕಿ ಬರೆಯುತ್ತಾನೆ. ಕಡಿಮೆ ಅಂದರೆ ಎಷ್ಟು, ಹೆಚ್ಚು ಅಂದರೆ ಎಷ್ಟು, ನನ್ನ ಮನಸ್ಸಿಗೆ ಎಷ್ಟು. ಜೋರಾಗಿ ಹೇಳಿದರೆ ಹಿರಿಯರ ಅಂಕಿಗೇ ಎಲ್ಲರೂ ಅಂಟಿಕೊಳ್ಳುತ್ತಾರೆ. ಪೂರ್ವ ಪೆಸಿಫಿಕ್ಕಿನಲ್ಲಿ ಅಮೆರಿಕದ ವಿಜ್ಞಾನಿಗಳು ಹಡಗಿನಿಂದ ಹೆಲಿಕಾಪ್ಟರ್ ಹಾರಿಸಿ ಮೇಲಿನಿಂದ ಹಿಂಡಿನ ಫೋಟೋ ತೆಗೆದು, ತಮ್ಮ ವೀಕ್ಷಕರ ಅಂದಾಜಿನ ಜೊತೆ ಇಟ್ಟು ನೋಡಿದರು. ದೊಡ್ಡ ಹಿಂಡುಗಳನ್ನು ನಮ್ಮ ಕಣ್ಣು ಕಡಿಮೆ ಎಣಿಸುತ್ತದೆ ಅಂತ ತಿಳಿಯಿತು. ನೀರಿನ ಮೇಲೆ ಕಾಣುವ ಪ್ರತಿ ಬೆನ್ನಿನ ಜೊತೆ ಕೆಳಗೆ ಇನ್ನೆಷ್ಟೋ ಇರುತ್ತವೆ.

ಹಿಂಡನ್ನು ಹತ್ತಿರದಿಂದ ನೋಡಲು ಕೆಲವು ಸಲ ಹಡಗು ಗೆರೆ ಬಿಟ್ಟು ಪಕ್ಕಕ್ಕೆ ತಿರುಗುತ್ತದೆ. ತಿರುಗಿದ ಕ್ಷಣದಿಂದ ಆಫ್ ಎಫರ್ಟ್. ನನ್ನ ಜೀವನದ ಅತಿ ಒಳ್ಳೆಯ ದೃಶ್ಯ ಸಿಕ್ಕಿದ್ದು ಹಾಗೆ ತಿರುಗಿದಾಗಲೇ. ಎರಡು ನೀಲಿ ತಿಮಿಂಗಿಲ, ಹಡಗಿಗೆ ಸಮವಾಗಿ, ಅರ್ಧ ಗಂಟೆ. ಮೊದಲು ನೀರಿನ ಬಣ್ಣ ತಿಳಿಯಾಗುತ್ತದೆ, ಆಮೇಲೆ ಆ ತಿಳಿ ಬಣ್ಣವೇ ಬೆನ್ನಾಗಿ ಮೇಲೇಳುತ್ತದೆ. ಉಸಿರು ಬಿಟ್ಟರೆ ಮೂರು ಅಂತಸ್ತಿನ ಎತ್ತರಕ್ಕೆ ನೆಟ್ಟಗೆ ಒಂದು ಕಂಬ. ಗಾಳಿ ನಮ್ಮ ಕಡೆ ಇತ್ತು, ಹನಿ ಮುಖಕ್ಕೆ ಬಿತ್ತು. ಹಳಸಿದ ಮೀನಿನ ವಾಸನೆ. ಆ ಪ್ರಯಾಣದ ಅಂತಿಮ ಲೆಕ್ಕದಲ್ಲಿ ನೀಲಿ ತಿಮಿಂಗಿಲ ಎಷ್ಟು? ಸೊನ್ನೆ.

ಹವೆಯ ಮಾತು ಬೇಗ ಮುಗಿಸುತ್ತೇನೆ. ಸಮುದ್ರ ಎಷ್ಟು ಕೆದರಿದೆ ಅಂತ ಬೋಫರ್ಟ್ ಮಾಪಕದಲ್ಲಿ ಹೇಳುತ್ತೇವೆ. ಕನ್ನಡಿಯಂತಿದ್ದರೆ 0. ಅಲ್ಲಲ್ಲಿ ಬಿಳಿನೊರೆ ಕಂಡರೆ 3. ದೊಡ್ಡ ತಿಮಿಂಗಿಲ ಹುಡುಕುವವರು 5 ದಾಟಿದರೆ ಕೆಲಸ ನಿಲ್ಲಿಸುತ್ತಾರೆ. ಪಾರ್ಪಾಯಿಸ್ ಹುಡುಕುವವರಿಗೆ 2 ದಾಟಿದರೇ ಕಷ್ಟ. ಅದರ ಬೆನ್ನುರೆಕ್ಕೆಗೂ ನೊರೆಯ ನೆರಳಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಇನ್ನು ನಮ್ಮ ಕಣ್ಣಿನ ಹವೆ. ಅಮೆರಿಕದ ಸಮೀಕ್ಷೆಗಳಲ್ಲಿ 25 ಪಟ್ಟು ದೊಡ್ಡದಾಗಿ ತೋರಿಸುವ, ಡೆಕ್ಕಿಗೆ ಜಡಿದ ಭಾರೀ ಬೈನಾಕ್ಯುಲರ್ ಇರುತ್ತವೆ. ಅದರ ಮುಂದೆ 40 ನಿಮಿಷ, ಬರೆಯುವ ಜಾಗದಲ್ಲಿ 40 ನಿಮಿಷ, ಇನ್ನೊಂದು ಬದಿಯ ಬೈನಾಕ್ಯುಲರಿನಲ್ಲಿ 40 ನಿಮಿಷ, ಆಮೇಲೆ ಕಡ್ಡಾಯ ಬಿಡುವು. ದಣಿದ ಕಣ್ಣು ತಾನು ದಣಿದಿದ್ದೇನೆ ಅಂತ ಹೇಳುವುದಿಲ್ಲ.

ಜಾತಿ ಗುರುತಿಸುವ ಬಗ್ಗೆ ನಿಮಗೆಲ್ಲ ಆಸಕ್ತಿ ಇರುತ್ತದೆ ಅಂತ ಗೊತ್ತು. ಉಸಿರಿನ ಚಿಲುಮೆ ನೋಡಿಯೇ ಕೆಲವನ್ನು ಹೇಳಬಹುದು. ಸ್ಪರ್ಮ್ ತಿಮಿಂಗಿಲದ್ದು ಮುಂದಕ್ಕೆ, ಎಡಕ್ಕೆ ಓರೆ, ಯಾಕೆಂದರೆ ಅದರ ಮೂಗು ತಲೆಯ ಎಡ ತುದಿಯಲ್ಲಿದೆ. ರೈಟ್ ತಿಮಿಂಗಿಲದ್ದು ಎರಡು ಕವಲು. ಗಾಳಿ ಜೋರಿದ್ದರೆ ಇದೆಲ್ಲ ಪುಸ್ತಕದ ಮಾತು, ಯಾವುದಾದರೂ ಒಂದೇ ಥರದ ಹೊಗೆ. ಆಗ 'ಗುರುತಿಸಲಾಗದ ದೊಡ್ಡ ತಿಮಿಂಗಿಲ' ಅಂತ ಬರೆಯಬೇಕು. ಒಳ್ಳೆಯ ವೀಕ್ಷಕರ ಪುಸ್ತಕದಲ್ಲಿ 'ಗುರುತಿಸಲಾಗದ' ಅನ್ನುವ ಪದ ಧಾರಾಳವಾಗಿ ಇರುತ್ತದೆ. ಎಲ್ಲಕ್ಕೂ ಹೆಸರು ಕೊಟ್ಟವರ ಪುಸ್ತಕ ಕಂಡರೆ ನನಗೆ ಅನುಮಾನ.

ಇದಕ್ಕೊಂದು ಕಥೆ ಇದೆ, ಸ್ವಲ್ಪ ದಾರಿ ತಪ್ಪುತ್ತೇನೆ. ನ್ಯೂಜಿಲೆಂಡ್ ಸ್ಟಾರ್ಮ್ ಪೆಟ್ರೆಲ್ ಅನ್ನುವ ಹಕ್ಕಿ 19ನೇ ಶತಮಾನದ ಮೂರು ಮಾದರಿಗಳಿಂದ ಮಾತ್ರ ಗೊತ್ತಿತ್ತು. ಅಳಿದುಹೋಗಿದೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 2003ರಲ್ಲಿ ಅಲ್ಲಿನ ಉತ್ತರ ದ್ವೀಪದ ಆಚೆ ದೋಣಿಯಲ್ಲಿ ಹೋದ ಹಕ್ಕಿ ವೀಕ್ಷಕರ ಕ್ಯಾಮೆರಾಕ್ಕೆ ಎದೆಯ ಕೆಳಗೆ ಗೆರೆಗೆರೆ ಇರುವ ಒಂದು ಹಕ್ಕಿ ಸಿಕ್ಕಿತು. ಯಾವ ಜಾತಿಗೂ ಸರಿಯಾಗಿ ಕೂರಲಿಲ್ಲ. ಫೋಟೋಗಳನ್ನು ಆ ಹಳೆಯ ಮಾದರಿಗಳ ಜೊತೆ ಹೋಲಿಸಿದಾಗ ನೂರು ವರ್ಷ ದಾಟಿ ಕಾಣೆಯಾಗಿದ್ದ ಹಕ್ಕಿ ಅದೇ ಇರಬೇಕು ಅನ್ನಿಸಿತು. ಅದು ಗೂಡು ಮಾಡುವ ಜಾಗ ಲಿಟಲ್ ಬ್ಯಾರಿಯರ್ ದ್ವೀಪ ಅಂತ ಪತ್ತೆಯಾಗಿದ್ದು 2013ರಲ್ಲಿ. ಅದನ್ನು ನೋಡಿದವರು ಹತ್ತಿರದ ಜಾತಿಯ ಹೆಸರು ಬರೆದು ಪುಟ ಮಗುಚಿದ್ದರೆ?

ನನ್ನದೇ ಒಂದು ತಪ್ಪು ಹೇಳದೆ ಹೋದರೆ ನ್ಯಾಯವಲ್ಲ. ಒಂದು ಪ್ರಯಾಣದಲ್ಲಿ ಹಡಗು ಪಶ್ಚಿಮಕ್ಕೆ ಹೋಗುತ್ತಿತ್ತು. ರಾತ್ರಿ ಊಟದ ಕೋಣೆಯ ಬಾಗಿಲಿಗೆ 'ಇವತ್ತು ಗಡಿಯಾರ ಒಂದು ಗಂಟೆ ಹಿಂದಕ್ಕೆ' ಅಂತ ಚೀಟಿ ಅಂಟಿಸಿದ್ದರು. ನಾನು ಕೈಗಡಿಯಾರ ತಿರುಗಿಸಿದೆ. ಜಿಪಿಎಸ್ ತನ್ನ ಪಾಡಿಗೆ ಗ್ರೀನಿಚ್ ಕಾಲದಲ್ಲಿ ಓಡುತ್ತಿತ್ತು. ನಾನು ಕೈಗಡಿಯಾರ ನೋಡಿ ಬರೆಯುತ್ತಿದ್ದೆ, ಮನಸ್ಸಿನಲ್ಲಿ ನಿನ್ನೆಯ ವ್ಯತ್ಯಾಸವನ್ನೇ ಕೂಡಿಸುತ್ತಾ. ಮೂರು ದಿನ. ಆ ಮೂರು ದಿನ ನಾನು ಕಂಡ ಪ್ರತಿ ಹಕ್ಕಿಯೂ ತಾನು ಇದ್ದ ಜಾಗದಿಂದ 18 ಕಿಲೋಮೀಟರ್ ಹಿಂದೆ ನಕಾಶೆಯಲ್ಲಿ ಕೂತಿತ್ತು. ಗೊತ್ತಾಗಿದ್ದು ಹೇಗೆ ಅಂದರೆ, ಹಡಗು ಮಾದರಿ ತೆಗೆಯಲು ನಿಂತಿದ್ದ ಹೊತ್ತಿನಲ್ಲಿ ನನ್ನ ಪುಸ್ತಕ '10 ನಾಟ್ ವೇಗ, 12 ಟರ್ನ್ ಹಕ್ಕಿ' ಅನ್ನುತ್ತಿತ್ತು. ಅವತ್ತಿನಿಂದ ಹಡಗು ಹತ್ತಿದ ಕೂಡಲೇ ನನ್ನ ಕೈಗಡಿಯಾರ ಗ್ರೀನಿಚ್ ಕಾಲಕ್ಕೆ. ಊಟಕ್ಕೆ ತಪ್ಪಿದರೂ ಪರವಾಗಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಬರುವ ಅಂಕಿ ಕೂಡ ಒಂದೇ ಅಂಕಿಯಾಗಿ ಬರುವುದಿಲ್ಲ. ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯ ಮೇಲ್ತುದಿಯಲ್ಲಿ ಮಾತ್ರ ಇರುವ ವಾಕಿಟಾ ಅನ್ನುವ ಪುಟ್ಟ ಪಾರ್ಪಾಯಿಸ್ ಇದೆ. 1997ರಲ್ಲಿ ಹಡಗಿನಿಂದ ಎಣಿಸಿದಾಗ ಅಂದಾಜು 567. ಆದರೆ ಪಕ್ಕದಲ್ಲೇ ಬರೆದಿದ್ದರು, 177ರಿಂದ 1,073ರವರೆಗೆ ಎಷ್ಟಾದರೂ ಇರಬಹುದು ಅಂತ. ಇಷ್ಟು ಅಗಲ ಯಾಕೆ? ಕಂಡದ್ದೇ ಕಡಿಮೆ, ಅದಕ್ಕೆ. 2008ರಲ್ಲಿ ಅಂದಾಜು 245ಕ್ಕೆ ಇಳಿಯಿತು. ಸಿಗಡಿಗೆ, ಮೀನಿಗೆ ಹಾಸಿದ ಬಲೆಗೆ ಸಿಕ್ಕಿ ಉಸಿರುಗಟ್ಟಿ ಸಾಯುತ್ತಿದ್ದವು. ಈಚೆಗೆ ಹುಡುಕಿದವರಿಗೆ ಸಿಕ್ಕಿದ್ದು ಹತ್ತರ ಆಸುಪಾಸು. ಅಲ್ಲಿ ಕೆಲಸ ಮಾಡುವವರ ಪುಸ್ತಕದಲ್ಲಿ ಈಗ ಬಹುಪಾಲು ಸಾಲುಗಳು ಸೊನ್ನೆ. ಆ ಸೊನ್ನೆಗಳನ್ನು ಅವರು ಎಷ್ಟು ಜೋಪಾನವಾಗಿ, ಗಂಟೆ, ಗಾಳಿ, ಅಲೆ ಎಲ್ಲ ಸೇರಿಸಿ ಬರೆಯುತ್ತಿರಬೇಕು ಅಂತ ಯೋಚಿಸಿ.

ನನ್ನ ಕೋಲನ್ನು ಇಲ್ಲೇ ಮೇಜಿನ ಮೇಲೆ ಇಡುತ್ತೇನೆ. ಹಿಡಿದು ನೋಡಿ. ಆದರೆ ಆ ಗೀಟುಗಳು ನನ್ನ ತೋಳಿನ ಅಳತೆಗೆ, ಕಳೆದ ಹಡಗಿನ ಡೆಕ್ಕಿನ ಎತ್ತರಕ್ಕೆ ಹಾಕಿದ್ದು. ನಿಮ್ಮ ತೋಳು ಉದ್ದ ಇದ್ದರೆ 300 ಅಂತ ಬರೆದ ಗೀಟು ನಿಮಗೆ ಮುನ್ನೂರಕ್ಕಿಂತ ಆಚೆಯ ನೀರು ತೋರಿಸುತ್ತದೆ. ಪಕ್ಕದಲ್ಲಿ ಖಾಲಿ ಕೋಲುಗಳೂ, ಅಳತೆಪಟ್ಟಿಯೂ, ಪೆನ್ನೂ ಇವೆ. ಬೇಕಾದವರು ಬನ್ನಿ, ಮೊದಲು ತೋಳು ಅಳೆಯೋಣ.